ಯಾವ ಪೊಕ್ರೋವ್ಕಾ

ಅಮೆರಿಕದ ನಮ್ಮ ಏಪೆಕ್ಸ್ ಊರಿನ ಕ್ಲಬ್‌ಹೌಸಿನಲ್ಲಿ ಒಬ್ಬ ರಷ್ಯನ್ ಅಜ್ಜಿಗೆ ನಾನು ಕೈಯಾರೆ ಶಾಲು ಹೊದಿಸಿದ್ದೆ. ನೆನೆದರೆ ಈಗಲೂ ಹೇಸಿಗೆಯಾಗುತ್ತದೆ.

ಅಜ್ಜಿ ನಮ್ಮ ಬೀದಿಯ ಕೊನೆಯ ಮನೆಯವರು, ಮಗಳ ಜೊತೆ ಇದ್ದರು. ಕೋವಿಡ್ ಬಂದು ಊರೆಲ್ಲ ಬಾಗಿಲು ಹಾಕಿಕೊಂಡಿದ್ದಾಗ ಟಪಾಲು ಡಬ್ಬಿಗಳ ಹತ್ತಿರ ಆರಡಿ ದೂರ ನಿಂತು ನಮ್ಮಿಬ್ಬರ ಮಾತು ಶುರುವಾಯಿತು. ಅವರ ಇಂಗ್ಲಿಷೂ ಕುಂಟುತ್ತಿತ್ತು, ನನ್ನದೂ ಕುಂಟುತ್ತಿತ್ತು. ಅದಕ್ಕೇ ಚೆನ್ನಾಗಿ ಹೊಂದಿಕೊಂಡೆವು. ಅವರಿಗೆ ನೋಟದ ನಡುಭಾಗ ಮಸುಕಾಗಿ, ಅಂಚಿನಲ್ಲಷ್ಟೇ ಕಾಣುತ್ತಿತ್ತು. ಅದೂ ಎಷ್ಟು ದಿನವೋ ಎಂದು ಡಾಕ್ಟರು ಹೇಳಿದ್ದರಂತೆ. ಇದ್ದಷ್ಟು ದೃಷ್ಟಿ ಹೋಗುವ ಮುಂಚೆ ತಮ್ಮ ಅಜ್ಜಿಯ ಊರನ್ನು ಪರದೆಯ ಮೇಲಾದರೂ ಒಮ್ಮೆ ನೋಡಬೇಕು ಎಂಬುದೊಂದೇ ಅವರ ಆಸೆ. ಹುಟ್ಟಿದ್ದು ಪಟ್ಟಣದಲ್ಲಿ. ಆದರೆ ಐದರಿಂದ ಏಳನೆಯ ವಯಸ್ಸಿನವರೆಗೆ ಬೆಳೆದದ್ದು ಪೊಕ್ರೋವ್ಕಾ ಎಂಬ ಹಳ್ಳಿಯಲ್ಲಿ. ರೈಲಿನಲ್ಲಿ ಬಹಳ ಹೊತ್ತು ಹೋದದ್ದು ನೆನಪಿತ್ತು. ಅದು ಯಾವ ಸೀಮೆ ಎಂದು ಹೇಳಲು ಹಿರಿಯರು ಯಾರೂ ಉಳಿದಿರಲಿಲ್ಲ.

ಮನೆಗೆ ಬಂದು ನಕ್ಷೆ ತೆರೆದರೆ ರಷ್ಯಾದ ಈ ತುದಿಯಿಂದ ಆ ತುದಿಯವರೆಗೆ ಪೊಕ್ರೋವ್ಕಾಗಳು. ಎಣಿಸುತ್ತಾ ಹೋಗಿ ನಡುವೆ ಬಿಟ್ಟೆ. ಮೇರಿಮಾತೆಯ ಒಂದು ಹಬ್ಬದ ಹೆಸರಿನಲ್ಲಿ ಎಲ್ಲೆಲ್ಲಿ ಗುಡಿ ಎದ್ದಿತೋ ಅಲ್ಲೆಲ್ಲ ಊರಿಗೆ ಅದೇ ಹೆಸರಂತೆ. ನನಗೇನೂ ಆಶ್ಚರ್ಯವಾಗಲಿಲ್ಲ. ನಮ್ಮ ಕಡೆ ಹೊಸಹಳ್ಳಿಗಳಿಗೇನು ಕಡಿಮೆಯೇ? ಜಗಲಿಗೆ ಬಂದವರು ಹೊಸಹಳ್ಳಿ ಎಂದರೆ ಸಾಕು, ನಮ್ಮಜ್ಜಿ ಚೊಂಬಿನ ನೀರನ್ನು ಕೈಯಲ್ಲೇ ಹಿಡಿದುಕೊಂಡು, "ಯಾವ ಹೊಸಹಳ್ಳಿನಪ್ಪಾ? ಸಂತೆಗೆ ಎಲ್ಲಿಗೆ ಹೋಗ್ತೀರಿ? ಕೆರೆ ನಿಮ್ಮೂರಿಗೆ ಯಾವ ದಿಕ್ಕಿಗಾಯ್ತು?" ಎಂದು ಶುರು ಮಾಡುತ್ತಿದ್ದರು. ಮೂರನೆಯ ಉತ್ತರದ ಹೊತ್ತಿಗೆ ಬಂದವನ ಹೆಂಡತಿಯ ತವರುಮನೆಯನ್ನೂ ಹೇಳಿಬಿಡುತ್ತಿದ್ದರು. ಆಮೇಲೆಯೇ ನೀರು.

ನಾನೂ ಹಾಗೆ ಕೂತು ಕೇಳಬೇಕಿತ್ತು. ಬದಲಿಗೆ, ಕೋವಿಡ್ ಇಳಿದ ಮೇಲೆ ನಮ್ಮ ಕನ್ನಡದವರ ಊಟದ ಕೂಟವೊಂದರಲ್ಲಿ ಈ ಸಂಗತಿಯನ್ನು ರಸವತ್ತಾಗಿ ಹೇಳಿದೆ. ನಮ್ಮ ಗುಂಪಿಗೆಲ್ಲ ಮುಂದಾಳಾಗಿದ್ದ ಅಂಕಲ್ ಒಬ್ಬರು, ದೊಡ್ಡ ಸಾಫ್ಟ್‌ವೇರ್ ಕಂಪನಿಯಲ್ಲಿ ಡೈರೆಕ್ಟರು, ಪೇಪರ್ ಪ್ಲೇಟು ಕೆಳಗಿಟ್ಟರು.

"ಅಷ್ಟೇನಾ? ಟೆನ್ ಮಿನಿಟ್ಸ್ ಕೆಲ್ಸ ಕಣಮ್ಮ. ನನಗ್ ಬಿಡು. ರಾಜ್ಯೋತ್ಸವಕ್ಕೆ ಅಜ್ಜೀನ ಕರ್ಸಿ ಒಂದು ಸನ್ಮಾನ ಮಾಡೋಣ. ಸರ್ಪ್ರೈಸ್!"

ಹತ್ತು ನಿಮಿಷವೇ ಹಿಡಿದಿರಬೇಕು. ಹೆಸರು ಟೈಪು ಮಾಡಿದಾಗ ಮೊದಲು ಕಂಡ ಊರಿನ ಚಿತ್ರವನ್ನು ದೊಡ್ಡದಾಗಿ ಪ್ರಿಂಟು ಹಾಕಿಸಿ, ಚಿನ್ನದ ಬಣ್ಣದ ಕಟ್ಟು ಹಾಕಿಸಿದ್ದರು. ಸಭೆಯ ದಿನ ಅಜ್ಜಿಯನ್ನು ಕುರ್ಚಿಯಲ್ಲಿ ಕೂರಿಸಿ ಹಾರ ಹಾಕಿದರು. ಮಡಿಲಿಗೆ ಹಣ್ಣಿನ ಬುಟ್ಟಿ ಬಂತು. ಆಮೇಲೆ ಚಿತ್ರ. ಹಳ್ಳಿಯ ಬೆನ್ನಿಗೆ ಎತ್ತರದ ಗುಡ್ಡ. ಅಜ್ಜಿ ಕತ್ತು ಓರೆ ಮಾಡಿ, ಕಣ್ಣಂಚಿನಿಂದ ಬಹಳ ಹೊತ್ತು ನೋಡಿದರು.

"ಇದೇನು, ಗುಡ್ಡವೇ? ನಮ್ಮೂರಿನಲ್ಲಿ ಗುಡ್ಡ ಇರಲಿಲ್ಲ. ಸಮತಟ್ಟು. ಎತ್ತ ನೋಡಿದರೂ ಆಕಾಶ."

ಅಂಕಲ್ ಮೈಕಿನಲ್ಲೇ ನಕ್ಕು, ಕನ್ನಡದಲ್ಲಿ ಎಂದರು: "ಏಜ್ ಆಯ್ತಲ್ವಾ, ಪಾಪ, ಮರ್ತೋಗಿದೆ. ಎಲ್ರೂ ಚಪ್ಪಾಳೆ ಹೊಡೀರಿ! ಏ, ಶಾಲು ಎಲ್ಲಮ್ಮ? ಹೊದ್ಸು, ಹೊದ್ಸು, ಈ ಕಡೆ ತಿರುಗಿ, ಫೋಟೋ."

ಬಯಲು ಸೀಮೆ ಎಂದು ಅಜ್ಜಿ ನನಗೆ ಹತ್ತು ಸಲ ಹೇಳಿದ್ದರು. ಆದರೂ ಹೊದಿಸಿದೆ. ಹಲ್ಲು ಕಿರಿದೆ. ವೀಸಾ ಮುಗಿಯುವ ಹೊತ್ತಿನಲ್ಲಿ ನನ್ನ ಗಂಡನಿಗೆ ಕೆಲಸ ಕೊಡಿಸಿದವರು ಆ ಅಂಕಲ್. ಅವರ ಮುಖ ಮುರಿಯುವುದು ಹೇಗೆ ಎಂಬ ಲೆಕ್ಕಾಚಾರ ನನ್ನದು. ಫೋಟೋ ವಾಟ್ಸಾಪಿಗೆ ಹೋಯಿತು, ಕೆಳಗೆ ಕೈಮುಗಿದ ಚಿತ್ರಗಳ ಸಾಲು.

ಕೆಲವು ವಾರ ಕಳೆದು ಅವರ ಮನೆಗೆ ಹೋದೆ. ಚಿತ್ರ ಗೋಡೆಯ ಮೇಲಿತ್ತು. ಚಹಾ ಬಗ್ಗಿಸುತ್ತಾ ಅಜ್ಜಿ ಎಂದರು: "ಆ ಗುಡ್ಡದ ಮೇಲಿಂದ ನಾವು ಮಕ್ಕಳೆಲ್ಲ ಹಿಮದಲ್ಲಿ ಜಾರುತ್ತಿದ್ದೆವು ಅಂತ ಕಾಣುತ್ತೆ. ಎಷ್ಟೊಂದು ಜನ ಓದಿದವರು ಸೇರಿ ಹುಡುಕಿದ್ದಾರೆ. ನನಗೇ ಮರೆತಿರಬೇಕು."

ಇದ್ದ ಊರನ್ನು ತೋರಿಸಲಾಗದಿದ್ದರೆ ಹೋಗಲಿ, ಅವರ ತಲೆಯೊಳಗೆ ಉಳಿದಿದ್ದ ಊರನ್ನೂ ಕೆಡಿಸಿದ್ದೆವು. ಹೊರಗೆ ಬಂದವಳೇ ಅಂಕಲ್‌ಗೆ ಫೋನು ಮಾಡಿದೆ.

"ಖುಷಿಯಾಗಿದಾರೆ ತಾನೆ? ಬಿಟ್ಬಿಡಮ್ಮ. ಅಲ್ಲಿ ಹೋಗಿ ಚೆಕ್ ಮಾಡೋರು ಯಾರು?"

"ನಿಮ್ಮ ತಾಯಿಗೆ ಬೇರೆಯವರ ಊರು ತೋರ್ಸಿ ಇದೇ ನಿಮ್ಮೂರು ಅಂದ್ರೆ ಬಿಡ್ತಿದ್ರಾ, ಅಂಕಲ್?"

"ನೋಡು, ಓವರ್ ರಿಯಾಕ್ಟ್ ಮಾಡ್ಬೇಡ," ಎಂದು ಫೋನಿಟ್ಟರು. ಆಮೇಲೆ ಅವರು ನಮ್ಮನ್ನು ಯಾವ ಕೂಟಕ್ಕೂ ಕರೆಯಲಿಲ್ಲ. ಒಳ್ಳೆಯದೇ ಆಯಿತು.

ಮರುದಿನ ಬೆಳಿಗ್ಗೆ ಹೋಗಿ ಅಜ್ಜಿಗೆ ನಿಜ ಹೇಳಿದೆ. ಗೊತ್ತಿದ್ದೂ ಸುಮ್ಮನಿದ್ದೆ ಎಂಬುದನ್ನೂ ಹೇಳಿದೆ. ಅವರು ಗೋಡೆಯ ಚಿತ್ರದ ಕಡೆಗೆ ತಿರುಗಿದರು.

"ಅದನ್ನು ಇಳಿಸು," ಎಂದರು.

ಚಿತ್ರ ಇಳಿಸಿ ಗೋಡೆಗೆ ಮುಖ ಮಾಡಿ ಇಟ್ಟೆ. ಎದುರಿಗೆ ಕೂತು ಮೊದಲಿನಿಂದ ಕೇಳಿದೆ. ರೈಲಿಳಿದು ಊರಿಗೆ ಹೇಗೆ ಹೋಗುತ್ತಿದ್ದಿರಿ? ಗಾಡಿಯಲ್ಲಿ, ಒಂದು ಹಗಲು ಪೂರ್ತಿ. ನೀರು? ಊರ ಪಕ್ಕ ಸರೋವರ, ಬಾಯಿಗಿಟ್ಟರೆ ಉಪ್ಪು. ಅವರ ಅಜ್ಜಿ ಅದರಲ್ಲಿ ಕಾಲು ಇಳಿಬಿಟ್ಟು ಕೂರುತ್ತಿದ್ದಳು, ನೋವಿಗೆ. ಸೂರ್ಯ ಮುಳುಗುತ್ತಿದ್ದದ್ದು? ಆ ನೀರಿನೊಳಗೇ. ತಾವೇ ಆಡಿದ ಮಾತಿಗೆ ಅಜ್ಜಿ ಬೆರಗಾದರು.

ಉಪ್ಪುನೀರು ಸಿಕ್ಕ ಮೇಲೆ ನಕ್ಷೆಯ ಮೇಲಿನ ಪೊಕ್ರೋವ್ಕಾಗಳು ಬೆರಳೆಣಿಕೆಗೆ ಇಳಿದವು. ಅಷ್ಟು ಮಾಡಲು ಒಂದು ಚಳಿಗಾಲ ಹಿಡಿಯಿತು. ಆ ಹೊತ್ತಿಗೆ ಅಜ್ಜಿಗೆ ಅಂಚಿನಲ್ಲೂ ಬೆಳಕು ಮತ್ತು ನೆರಳಷ್ಟೇ ಉಳಿದಿತ್ತು. ಟೀವಿಯ ದೊಡ್ಡ ಪರದೆಯ ಮೇಲೆ ನಾನು ಉಪಗ್ರಹದ ಚಿತ್ರದಲ್ಲಿ ಒಂದೊಂದೇ ಊರು ತೆರೆದು ವರ್ಣಿಸಬೇಕು, ಅವರು ಕೇಳಬೇಕು.

"ಪಶ್ಚಿಮಕ್ಕೆ ನೀರಿದೆ ಅಜ್ಜಿ, ದಡವೆಲ್ಲ ಬೆಳ್ಳಗಿದೆ," ಎಂದೆ.

ಅವರು ನನ್ನ ಮೊಣಕೈ ಹಿಡಿದರು. "ನೀರಿನಿಂದ ಮನೆಗಳವರೆಗೆ ಹಾದಿ ಇದೆಯಾ? ನೇರವಾದ ಹಾದಿ?"

ಇರಲಿಲ್ಲ. ನಡುವೆ ಜೌಗು. ಹೌದು ಎಂಬ ಮಾತು ನಾಲಿಗೆಯ ತುದಿಗೆ ಬಂದೇ ಬಿಟ್ಟಿತ್ತು. ಎಷ್ಟು ಸಲೀಸು ಅದು!

"ಇಲ್ಲ ಅಜ್ಜಿ," ಎಂದೆ.

"ಹಾಗಾದರೆ ಇದಲ್ಲ," ಎಂದರು. ಕೈ ಬಿಡಲಿಲ್ಲ. "ಮುಂದಿನದು ನೋಡು ಮಗಳೇ."