ಟೇಲರ್ ಎರೆಹೊಲದ ಆಂಟಿ

ಮಂಡಿಯವರೆಗಿನ ರಬ್ಬರ್ ಬೂಟು, ಅದರೊಳಗೆ ತುರುಕಿದ ಇಳಕಲ್ ಸೀರೆಯ ನೆರಿಗೆ, ಬೂಟಿನ ತಳಕ್ಕೆ ಮೆತ್ತಿ ಮೆತ್ತಿ ಇಟ್ಟಿಗೆಯಷ್ಟು ದಪ್ಪವಾದ ಕರಿ ಕೆಸರು. ಆಂಟಿಯನ್ನು ನಾನು ಮೊದಲು ನೋಡಿದ್ದು ಹೀಗೆ, ಕೆಳಗಿನಿಂದ ಮೇಲಕ್ಕೆ. ಆಗ ನಾನು ರಸ್ತೆಯ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು, ಮಣ್ಣಿನಲ್ಲಿ ಹೂತುಹೋದ ನನ್ನ ಕಾರಿನ ಚಕ್ರವನ್ನು ನೋಡುತ್ತಿದ್ದೆ.

ಆಸ್ಟಿನ್‌ನ ದ ಡೊಮೇನ್ ಬಡಾವಣೆಯಲ್ಲಿದ್ದ ಕೆಲಸ ಬಿಟ್ಟು ಹತ್ತಿರದ ಸಣ್ಣ ಊರು ಟೇಲರ್‌ನ ಚಿಪ್ ಕಾರ್ಖಾನೆಗೆ ಸೇರಿದ ಹೊಸತು. ಫೋನು ತೋರಿಸಿದ ಅಡ್ಡದಾರಿ ಹಿಡಿದಿದ್ದೆ. ಎದುರಿಗೆ ಬಂದ ಟ್ರಾಕ್ಟರಿಗೆ ಜಾಗ ಬಿಡಲೆಂದು ಕಾರನ್ನು ಸ್ವಲ್ಪ ಪಕ್ಕಕ್ಕಿಳಿಸಿದ್ದೇ ತಪ್ಪಾಯಿತು. ಮಳೆ ಆಗಷ್ಟೇ ನಿಂತಿತ್ತು. ಗಂಡನಿಗೆ ಫೋನು ಮಾಡಿ, "ಇರು, ಇನ್ನೊಂದ್ಸಲ ಜೋರಾಗಿ ಆಕ್ಸಿಲರೇಟರ್ ಒತ್ತಿ ನೋಡ್ತೀನಿ" ಎನ್ನುತ್ತಿದ್ದೆ.

"ಒತ್ತಬ್ಯಾಡ ತಂಗಿ" ಎಂದಿತು ಒಂದು ದನಿ. "ಗಾಡಿ ಬಂದ್ ಮಾಡು. ಎರಿ ಮಣ್ಣೈತಿ ಇದು. ನೀ ಎಷ್ಟ್ ಒತ್ತತೀಯೋ ಅಷ್ಟ್ ಒಳಗ ಎಳಕೊಳ್ಳತೈತಿ."

ಸುತ್ತ ಹತ್ತಿ ಹೊಲ, ತಲೆಯ ಮೇಲೆ ಟೆಕ್ಸಸ್‌ನ ಅಷ್ಟು ದೊಡ್ಡ ಆಕಾಶ, ಅದರ ನಡುವೆ ಧಾರವಾಡದ ಕನ್ನಡ. ನಾನು ಬಾಯಿ ಬಿಟ್ಟುಕೊಂಡು ನಿಂತೆ. ಅವರು ಅದನ್ನು ಲೆಕ್ಕಿಸಲೇ ಇಲ್ಲ. ಹೊಲದಾಚೆ ಕೈಬೀಸಿ "ಗೌಡ್ರ!" ಎಂದು ಕೂಗಿದರು. ಅಗಲ ಟೋಪಿಯ, ಕೆಂಪು ಮುಖದ ಮುದುಕರೊಬ್ಬರು ಟ್ರಾಕ್ಟರ್ ತಿರುಗಿಸಿಕೊಂಡು ಬಂದು, ಸರಪಳಿ ಕಟ್ಟಿ ನನ್ನ ಕಾರನ್ನು ಎಳೆದು ಮೇಲೆ ಹಾಕಿದರು. ಹೊರಡುವಾಗ ಟೋಪಿಯ ಅಂಚು ಮುಟ್ಟಿ ಆಂಟಿಗೆ "ಗೌಡ್ರ, ಮ್ಯಾಮ್" ಎಂದರು. ಪಕ್ಕದ ಹೊಲದ ಆ ಅಮೆರಿಕನ್ ರೈತರನ್ನು ಆಂಟಿ ಕರೆಯುತ್ತಿದ್ದುದೇ ಗೌಡ್ರು ಎಂದು; ಅವರಿಗೋ ಅದು ಕನ್ನಡದ ನಮಸ್ಕಾರವೆಂಬ ನಂಬಿಕೆ. ವರ್ಷಗಟ್ಟಲೆ ಹಾಗೇ ನಂಬಿದ್ದರು, ಆಂಟಿ ತಿದ್ದಿರಲಿಲ್ಲ. "ಅಂವಾ ಅಷ್ಟ್ ಪ್ರೀತಿಲೆ ಅಂತಾನ. ಯಾಕ ಕೆಡಸೂದು?" ಎಂದು ಆಮೇಲೆ ನನ್ನ ಬಳಿ ನಕ್ಕರು.

ಅಂದು ಕೈಕಾಲು ತೊಳೆದುಕೊಳ್ಳಲು ಅವರ ಮನೆಗೆ ಹೋದವಳು ರೊಟ್ಟಿ ತಿಂದುಕೊಂಡೇ ಬಂದೆ. ರೊಟ್ಟಿ ಇಟ್ಟಿಗೆ ಬಣ್ಣಕ್ಕಿತ್ತು, ಸ್ವಲ್ಪ ಒಗರು. ಅಲ್ಲಿ ಬೆಳೆಯುವ ಜೋಳ ಕೆಂಪು, ದನಗಳಿಗೆ ಹಾಕುವುದು. ಆಂಟಿ ಅದನ್ನೇ ಗೌಡರಿಂದ ಚೀಲದಲ್ಲಿ ತರಿಸಿ, ತೊಳೆದು ಒಣಗಿಸಿ, ಮಿಷನ್ನಿನಲ್ಲಿ ಬೀಸಿಕೊಳ್ಳುತ್ತಿದ್ದರು. ಆಸ್ಟಿನ್‌ನ ಇಂಡಿಯನ್ ಅಂಗಡಿಯಲ್ಲಿ ಬಿಳಿ ಜೋಳದ ಹಿಟ್ಟು ಸಿಗುತ್ತದಲ್ಲ ಆಂಟಿ ಎಂದರೆ, "ಸಿಗತೈತಿ. ಆದ್ರ ಅದು ಎಲ್ಲೆ ಬೆಳೀತು, ಯಾರ್ ಬೆಳದ್ರು ಅಂತ ನನಗ ಗೊತ್ತಿಲ್ಲಲ್ಲ" ಎಂದರು. ಗೌಡರೂ ಒಮ್ಮೆ ತಿಂದು ನೋಡಿದ್ದರಂತೆ. ನನ್ನ ಹಸುಗಳಿಗೆ ಹೇಳಬೇಡಿ, ಅವಕ್ಕೂ ಹೀಗೇ ಬೇಕಾದೀತು ಎಂದಿದ್ದರಂತೆ.

ಅವರ ಯಜಮಾನರು ಹ್ಯೂಸ್ಟನ್‌ನಲ್ಲಿ ಡಾಕ್ಟರಾಗಿದ್ದವರು. ಆಂಟಿಗೆ ಹ್ಯೂಸ್ಟನ್ ಅಂದರೆ ದೊಡ್ಡ ಮನೆ, ಕನ್ನಡ ಕೂಟ, ಹಬ್ಬಕ್ಕೆ ದೇವಸ್ಥಾನ, ಮಗಳ ಶಾಲೆ. ನಿವೃತ್ತಿ ಹತ್ತಿರ ಬಂದಾಗ ಗೆಳೆಯರೆಲ್ಲ ಹ್ಯೂಸ್ಟನ್ ಹೊರವಲಯದ ಫುಲ್‌ಶೀರ್ ಕಡೆಯ ಹೊಸ ಬಡಾವಣೆಗಳಲ್ಲಿ ಅಕ್ಕಪಕ್ಕ ಮನೆ ನೋಡತೊಡಗಿದರು. ಆ ಹೊತ್ತಿಗೆ ಇವರಿಬ್ಬರೂ ಡಲ್ಲಾಸ್‌ನಲ್ಲಿ ಯಾರದೋ ಮದುವೆ ಮುಗಿಸಿಕೊಂಡು ಆಸ್ಟಿನ್‌ ಕಡೆ ಬರುತ್ತಿದ್ದಾಗ, ಹೆದ್ದಾರಿ ಜಾಮ್ ಆಗಿ ಒಳದಾರಿ ಹಿಡಿದರು. ಟೇಲರ್ ದಾಟುವಾಗ ಅಂಕಲ್ ಕಾರು ನಿಲ್ಲಿಸಿದರು. ಮದುವೆಯ ಸೂಟಿನಲ್ಲೇ ಹೊಲಕ್ಕಿಳಿದು, ಬೇಸಿಗೆಗೆ ಬಾಯಿಬಿಟ್ಟ ಮಣ್ಣಿನ ಹೆಂಟೆಯೊಂದನ್ನು ಎತ್ತಿ ಬೆರಳಲ್ಲಿ ಒಡೆದು ನೋಡಿದರು. "ನಮ್ಮ ಹೊಲದ್ದಽ ಮಣ್ಣಿದು" ಎಂದರಂತೆ. "ನಾ ಕಾರಿನ್ಯಾಗ ಕುಂತಾಕಿ, ಏಸಿ ಹೊರಗ ಹೊಕ್ಕೈತಿ ಬಾಗಲಾ ಹಾಕ್ರಿ ಅಂದೆ. ಆ ವರ್ಷಽ ಇಲ್ಲೆ ಮನಿ ಆತು ನೋಡು."

ಹ್ಯೂಸ್ಟನ್‌ನ ಗೆಳತಿಯರು ಇವರಿಗೆ ತಲೆ ಕೆಟ್ಟಿದೆ ಎಂದರು. ಆಂಟಿಗೂ ಮೊದಲ ವರ್ಷ ಹಾಗೇ ಅನ್ನಿಸಿತ್ತು. ಮಾತಿಗೆ ಯಾರೂ ಇಲ್ಲ, ಹಾಲು ತರಲೂ ಕಾರು ತೆಗೆಯಬೇಕು, ಆ ಮಣ್ಣು ಹಿಗ್ಗಿ ಕುಗ್ಗಿ ಮನೆಯ ಗೋಡೆಯನ್ನೇ ಬಿರುಕು ಬಿಡಿಸುತ್ತದೆ. ಮನಸ್ಸು ಒಗ್ಗುವ ಹೊತ್ತಿಗೆ ಅಂಕಲ್ ಹೃದಯಾಘಾತದಿಂದ ಹೋಗಿಬಿಟ್ಟರು. ಸಿಯಾಟಲ್‌ನಲ್ಲಿರುವ ಒಬ್ಬಳೇ ಮಗಳು ಮನೆ ಮಾರಿ ಬಾ ಎಂದಳು. ಧಾರವಾಡದಲ್ಲಿರುವ ತಮ್ಮ, ಇಲ್ಲಿಗೇ ಬಂದುಬಿಡಕ್ಕಾ, ಮೇಲಿನ ಮನೆ ಖಾಲಿ ಇದೆ ಎಂದ. ಆಂಟಿ ಧಾರವಾಡಕ್ಕೆ ಹೋದರು. ಚಳಿಗಾಲ ಪೂರ್ತಿ ಇರುತ್ತೇನೆ ಎಂದು ಹೋದವರು ಸಂಕ್ರಾಂತಿಗೆ ಮೊದಲೇ ವಾಪಸು ಬಂದರು.

"ಯಾಕೆ ಆಂಟಿ, ಸರಿಯಾಗಿ ನೋಡ್ಕೊಳ್ಲಿಲ್ವಾ?" ಎಂದು ಕೇಳಿದ್ದೆ.

"ಭಾಳ ಛಲೋ ನೋಡ್ಕೊಂಡ್ರವಾ. ಅದಽ ತ್ರಾಸ ಆತು. ಬೆಳಗಾದ್ರ ಕುಂದರ್ರಿ ಕುಂದರ್ರಿ ಅಂತಿದ್ರು. ಚಾ ಮಾಡಾಕ ಎದ್ರ ಕುಂದರ್ರಿ, ಕಸಾ ಹೊಡ್ಯಾಕ ಹೋದ್ರ ಕುಂದರ್ರಿ. ಕುಂದರಿಸಿ ಕುಂದರಿಸಿ ಮುದುಕಿ ಮಾಡಿಬಿಟ್ರು."

ಅವರ ಮಾತಿನಲ್ಲಿ ನಾನು ಗಮನಿಸಿದ ಒಂದು ಸಂಗತಿಯಿದೆ. ನಾವೆಲ್ಲ ಮೈಸೂರಿಗೋ ಬೆಂಗಳೂರಿಗೋ 'ಊರು' ಅನ್ನುತ್ತೇವೆ, ಇಲ್ಲಿಗೆ 'ಇಲ್ಲಿ' ಅನ್ನುತ್ತೇವೆ. ಆಂಟಿ ಟೇಲರ್‌ಗೆ 'ಊರು' ಅನ್ನುತ್ತಿದ್ದರು. "ಊರಾಗ ಹೋಗಿ ಟಪಾಲು ಹಾಕಿ ಬರ್ತೀನಿ." ಧಾರವಾಡ ಅವರ ಬಾಯಲ್ಲಿ 'ಅಲ್ಲೆ' ಆಗಿತ್ತು. ಅದನ್ನು ಅವರು ದುಃಖದಿಂದ ಅನ್ನುತ್ತಿರಲಿಲ್ಲ. ಬಹುಶಃ ಹಾಗೆ ಅನ್ನುತ್ತಿದ್ದೇನೆಂದು ಅವರಿಗೆ ಗೊತ್ತೂ ಇರಲಿಲ್ಲ.

ನಾನು, ನನ್ನ ಗಂಡ ಇಬ್ಬರೂ ಹೊತ್ತಲ್ಲದ ಹೊತ್ತಿನ ಕೆಲಸದವರು. ನಮ್ಮ ಮಗಳು ಟೇಲರ್‌ನ ಶಾಲೆಗೆ ಸೇರಿದಾಗ ಮಧ್ಯಾಹ್ನ ಕರೆತರುವವರು ಯಾರು ಎಂದು ತಲೆ ಕೆಡಿಸಿಕೊಂಡಿದ್ದೆವು. ಆಂಟಿ ತಾವಾಗಿಯೇ, "ನಾ ಕರಕೊಂಡ್ ಬರ್ತೀನಿ. ನನಗೂ ಹೊರಗ ಬೀಳಾಕ ಒಂದ್ ನೆವ ಆಗತೈತಿ" ಎಂದರು. ಅಂಕಲ್ ಬಿಟ್ಟುಹೋದ ಹಳೆಯ ಪಿಕಪ್ ಟ್ರಕ್ಕನ್ನು ಸೀರೆಯಲ್ಲೇ ಡ್ರೈವ್ ಮಾಡಿಕೊಂಡು ಶಾಲೆಯ ಸಾಲಿನಲ್ಲಿ ನಿಲ್ಲುತ್ತಿದ್ದರು. ಮಗಳು ಅವರನ್ನು ಆಯಿ, ಅಂದರೆ ಅಜ್ಜಿ, ಎನ್ನುತ್ತಿದ್ದಳು. ಅದೂ ಅವರೇ ಹೇಳಿಕೊಟ್ಟಿದ್ದು. ನಾವು ಕನ್ನಡದಲ್ಲಿ ಕೇಳಿದರೆ ಅವಳು ಇಂಗ್ಲಿಷಿನಲ್ಲಿ ಉತ್ತರ ಕೊಡುವವಳು. ಆಂಟಿಗೂ ಹಾಗೇ ಮಾಡುತ್ತಿದ್ದಳು. ಇಬ್ಬರೂ ತಮ್ಮ ತಮ್ಮ ಭಾಷೆಯಲ್ಲಿ ಸುಖವಾಗಿದ್ದರು.

ಮಗಳು ಮೂರನೆಯ ತರಗತಿಯಲ್ಲಿದ್ದ ಶರತ್ಕಾಲದಲ್ಲಿ ಅದು ನಡೆಯಿತು. ಶಾಲೆಯಲ್ಲಿ ಯಾವುದೋ ಅಭ್ಯಾಸವಿತ್ತು, ಹೊರಡುವುದು ತಡವಾಗಿತ್ತು. ಇಳಿಬಿಸಿಲು ನೇರ ಕಣ್ಣಿಗೆ. ತಿರುವಿನಲ್ಲಿ ಆಂಟಿಯ ಟ್ರಕ್ಕು ರಸ್ತೆ ಬಿಟ್ಟು, ಗೌಡರ ಮುಳ್ಳುತಂತಿಯ ಬೇಲಿ ಮುರಿದುಕೊಂಡು ಹೊಲಕ್ಕೆ ನುಗ್ಗಿ, ನೀರಿನ ತೊಟ್ಟಿಗೆ ಗುದ್ದಿ ನಿಂತಿತು. ಹಿಂದಿನ ಸೀಟಿನಲ್ಲಿ ನನ್ನ ಮಗಳಿದ್ದಳು.

ನಾನು ಕಾರ್ಖಾನೆಯಿಂದ ಹೇಗೆ ಬಂದೆನೋ ನೆನಪಿಲ್ಲ. ಮಗಳು ಗೌಡರ ಟ್ರಾಕ್ಟರಿನ ಮೇಲೆ ಕೂತು ಜ್ಯೂಸ್ ಕುಡಿಯುತ್ತಿದ್ದಳು. ಭುಜದ ಮೇಲೆ ಸೀಟ್ ಬೆಲ್ಟಿನ ಕೆಂಪು ಗೆರೆ, ಅಷ್ಟೇ. ಆಂಟಿಗೂ ಏನೂ ಆಗಿರಲಿಲ್ಲ. ಬೇಲಿಯ ಪಕ್ಕ ಒಬ್ಬರೇ ನಿಂತಿದ್ದರು. ನಾನು ಮಗಳನ್ನು ಅಪ್ಪಿಕೊಂಡು, ಬಂದು, "ಪರವಾಗಿಲ್ಲ ಆಂಟಿ, ಯಾರಿಗೂ ಏನೂ ಆಗಿಲ್ವಲ್ಲ" ಎಂದೆ. ಬಾಯಿ ಹಾಗಂದಿತು.

"ಪರವಾಗಿಲ್ಲ ಅನಬ್ಯಾಡ" ಎಂದರು. "ಬಿಸಲಿಂದಽ ಆಗಿದ್ದಲ್ಲಿದು. ನನ್ನ ಎಡಗಣ್ಣ ಹ್ವಾದ ವರ್ಷಽ ಮಸುಕಾಗೈತಿ. ಡಾಕ್ಟರ ಹೇಳಿದ್ರು. ನಾ ಯಾರ ಮುಂದೂ ಹೇಳಲಿಲ್ಲ. ಗಾಡಿ ಬಿಟ್ರ ಈ ಮನಿ ಬಿಡಬೇಕಾಗತೈತಿ. ಅದಕ್ಕ ಹೇಳಲಿಲ್ಲ. ನಿನ್ನ ಕೂಸನ್ನ ಕುಂದರಿಸಿಕೊಂಡು ಹೊಡದೀನಿ. ನೀ ಸಿಟ್ಟಾಗು."

ಟ್ರಕ್ಕಿನ ಕೀಲಿಯನ್ನು ನನ್ನ ಕೈಗೆ ಹಾಕಿದರು.

ನಾನು ಸಿಟ್ಟಾದೆ. ಮಗಳನ್ನು ಕರೆದುಕೊಂಡು ಬಂದೆ. ಹಲವು ದಿನ ಆ ಕಡೆ ಹೋಗಲಿಲ್ಲ. ಮುಳ್ಳುಬೇಲಿಯ ಬದಲು ಎದುರಿಗೆ ಲಾರಿ ಇದ್ದಿದ್ದರೆ ಎಂಬ ಯೋಚನೆ ಬಂದು ಬಂದು ಕಾಡುತ್ತಿತ್ತು. ಆದರೆ ಅವರು ಸುಳ್ಳು ಹೇಳಬಹುದಿತ್ತು. ಬಿಸಿಲಿನ ಮೇಲೆ ಹಾಕಿದ್ದರೆ ಎಲ್ಲರೂ ನಂಬುತ್ತಿದ್ದೆವು. ಈ ಯೋಚನೆಯೂ ಬರುತ್ತಿತ್ತು.

ತಮ್ಮ ಮಗಳಿಗೆ ಫೋನು ಮಾಡಿ ಎಲ್ಲವನ್ನೂ ಹೇಳಿದ್ದೂ ಆಂಟಿಯೇ. ಸಿಯಾಟಲ್‌ನಿಂದ ಅವಳು ಬಂದಳು. ಒಂದು ಭಾನುವಾರ ನನ್ನನ್ನೂ ಕರೆದಳು. ಅಡುಗೆಮನೆಯ ಮೇಜಿನ ಸುತ್ತ ಆಂಟಿ, ಅವರ ಮಗಳು, ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ ಗೌಡರು. ಕಾರಿಲ್ಲದೆ ಈ ಕಡೆ ಬದುಕಲಾಗುವುದಿಲ್ಲ, ಕಾರು ಓಡಿಸಲು ಕಣ್ಣಿಲ್ಲ, ಅಮ್ಮ ನನ್ನ ಜೊತೆ ಬರಲೇಬೇಕು ಎಂದಳು ಮಗಳು. ತಪ್ಪೇನೂ ಇರಲಿಲ್ಲ. ಬುಧವಾರ ಬುಧವಾರ ನಾನು ಇವರನ್ನು ಊರೊಳಕ್ಕೆ ಕರೆದೊಯ್ಯುತ್ತೇನೆ, ಹೇಗೂ ಮೇವಿನ ಅಂಗಡಿಗೆ ಹೋಗುತ್ತೇನಲ್ಲ, ಎಂದರು ಗೌಡರು ಇಂಗ್ಲಿಷಿನಲ್ಲಿ. ಬೇಲಿಯ ಮಾತನ್ನು ಅವರು ಎತ್ತಲೇ ಇಲ್ಲ.

ಆಗ ಆಂಟಿಯ ಮಗಳು ನನ್ನ ಕಡೆ ತಿರುಗಿದಳು. "ಗಾಡಿಯಲ್ಲಿ ಇದ್ದದ್ದು ನಿಮ್ಮ ಮಗು. ನೀವು ಹೇಳಿ, ಅಮ್ಮ ಇಲ್ಲಿ ಇರಬಹುದಾ?"

ಏನು ಹೇಳಬೇಕೆಂದು ಯೋಚಿಸಿಕೊಂಡು ಬಂದಿರಲಿಲ್ಲ. ಆಂಟಿ ನನ್ನ ಮುಖ ನೋಡಲಿಲ್ಲ, ಮೇಜಿನ ಮೇಲಿದ್ದ ತಮ್ಮ ಕೈಗಳನ್ನು ನೋಡುತ್ತಿದ್ದರು. "ನನಗೆ ಗಾಡಿ ಬೇಡ. ಆಂಟಿ ಬೇಕು" ಎಂದೆ. "ಶಾಲೆಯ ಬಸ್ಸು ಈ ರಸ್ತೆಯಲ್ಲೇ ಹೋಗುತ್ತೆ. ಮಗಳನ್ನ ಇಲ್ಲೇ ಇಳಿಸೋಕೆ ಹೇಳ್ತೀನಿ. ಕೆಲಸ ಮುಗಿಸಿ ನಾನು ಬಂದು ಕರ್ಕೊಂಡು ಹೋಗ್ತೀನಿ. ದಿನಾ ಒಬ್ಬರಾದ್ರೂ ಬಂದುಹೋದ ಹಾಗೆ ಆಗುತ್ತೆ."

ಆಂಟಿ ಎದ್ದು ಒಲೆಯ ಕಡೆ ಹೋದರು. ನಮಗೆ ಬೆನ್ನು ಹಾಕಿ ಬಹಳ ಹೊತ್ತು ಚಹಾ ಮಾಡಿದರು.

ಹೀಗೆ ಇನ್ನಷ್ಟು ಕಾಲ ಅವರು ಅಲ್ಲೇ ಉಳಿದರು. ಸುಲಭವಾಗಿತ್ತು ಎಂದು ಹೇಳಲಾರೆ. ಬೇಕೆಂದಾಗ ಹೊರಡುವ ಸ್ವಾತಂತ್ರ್ಯ ಹೋದದ್ದು ಅವರಿಗೆ ಕೊನೆಯವರೆಗೂ ಚುಚ್ಚುತ್ತಿತ್ತು. "ಒಂದ್ ನಿಂಬಿಹಣ್ಣ ಬೇಕಾದ್ರ ಬುಧವಾರಕ್ಕ ಕಾಯಬೇಕು ನೋಡು" ಎನ್ನುವರು. ಎಡಗಣ್ಣಿನ ಮಸುಕು ಬಲಗಣ್ಣಿಗೂ ಬಂತು. ಔಷಧಿ ಶೀಶೆಯ ಮೇಲಿನ ಅಕ್ಷರ ಕಾಣದಾಯಿತು. ಆಗ ನನ್ನ ಮಗಳು ಅವರಿಗೆ ಕಣ್ಣಾದಳು. ಟಪಾಲಿನಲ್ಲಿ ಏನು ಬಂದಿದೆ, ಕುಕ್ಕರಿನ ನೀರು ಎಲ್ಲಿಯವರೆಗಿದೆ, ಹಿತ್ತಲಿನ ಬದನೆಗಿಡ ಹೂ ಬಿಟ್ಟಿದೆಯಾ, ಎಲ್ಲ ಅವಳೇ ಹೇಳಬೇಕು. ಇಂಗ್ಲಿಷಿನಲ್ಲಿ ಹೇಳಿದರೂ ಆಂಟಿಗೆ ಅರ್ಥವಾಗುತ್ತಿತ್ತು; ನಲವತ್ತು ವರ್ಷ ಈ ದೇಶದಲ್ಲಿದ್ದವರು. ಆದರೆ ಬದನೆಯ ಹೂವನ್ನೋ, ಹಾಲಿನ ಮೇಲೆ ಕಟ್ಟಿದ ಕೆನೆಯನ್ನೋ ಇಂಗ್ಲಿಷಿನಲ್ಲಿ ಹೇಳಹೊರಟರೆ ಹುಡುಗಿಗೆ ಮಾತು ಸಾಲುತ್ತಿರಲಿಲ್ಲ. ಯಾವಾಗ ಕನ್ನಡಕ್ಕೆ ಹೊರಳಿದಳೋ ನಮಗೆ ಗೊತ್ತಾಗಲಿಲ್ಲ. ಒಂದು ಸಂಜೆ ನಾನು ಒಳಗೆ ಕಾಲಿಟ್ಟಾಗ, "ಆಯಿ, ನಿಂದರು, ಅಲ್ಲೆ ನೀರ್ ಚೆಲ್ಲೇತಿ" ಎಂಬ ದನಿ ಕೇಳಿತು. ಯಾರೋ ಹೊಸಬರು ಬಂದಿದ್ದಾರೆಂದುಕೊಂಡೆ.

ಕಳೆದ ಚಳಿಗಾಲದಲ್ಲಿ ನ್ಯುಮೋನಿಯ ಬಂತು. ಆಸ್ಪತ್ರೆಯಲ್ಲಿ ಕೆಲವು ದಿನ ಇದ್ದರು. ಸಿಯಾಟಲ್‌ನ ಮಗಳು ಕೈಹಿಡಿದು ಕೂತಿದ್ದಳು. ನಾನು ಹೋದಾಗ ಆಮ್ಲಜನಕದ ಕೊಳವೆಯ ನಡುವೆಯೇ, "ಗೌಡ್ರಿಗೆ ಹೇಳು, ಹಿತ್ತಲ ಬಾಗಲಾ ಹಾಕಿಲ್ಲ" ಎಂದರು. ಹಾಕಿದ್ದಾರೆ ಆಂಟಿ ಎಂದೆ. "ಮತ್ತ ನೀ ಯಾಕ ಅಳತಿ? ಬಾಗಲಾ ಹಾಕ್ಯಾರಲ್ಲ" ಎಂದು ನನ್ನ ಕೈ ತಟ್ಟಿದರು. ನನ್ನೊಡನೆ ಅವರು ಆಡಿದ ಕೊನೆಯ ಮಾತು ಅದು.

ಅಂತ್ಯಕ್ರಿಯೆಗೆ ಹ್ಯೂಸ್ಟನ್‌ನಿಂದ ಹಳೆಯ ಗೆಳತಿಯರು ಬಂದರು. ಟೇಲರ್‌ನ ಅಂಚೆ ಕಚೇರಿಯ ಹೆಂಗಸು, ಮೇವಿನ ಅಂಗಡಿಯವರು, ಶಾಲಾ ಬಸ್ಸಿನ ಚಾಲಕ, ಆಸ್ಟಿನ್‌ನ ಕನ್ನಡದವರು ಎಲ್ಲ ಒಂದೇ ಕೋಣೆಯಲ್ಲಿ ಇಕ್ಕಟ್ಟಾಗಿ ನಿಂತರು. ಆಂಟಿಯ ಮಗಳು ನನ್ನ ಪಕ್ಕಕ್ಕೆ ಬಂದು, "ಇವರೆಲ್ಲ ಯಾರು? ಅಮ್ಮ ನನಗೆ ಹೇಳೇ ಇರಲಿಲ್ಲ" ಎಂದು ಮೆಲ್ಲಗೆ ಕೇಳಿದಳು. ನಾನು ಒಬ್ಬೊಬ್ಬರನ್ನೇ ತೋರಿಸಿ ಹೇಳಿದೆ.

ಆಂಟಿ ನನಗೆ ಏನು ಕೊಟ್ಟರು ಎಂದು ಯಾರಾದರೂ ಕೇಳಿದರೆ ಥಟ್ಟನೆ ಹೇಳಲು ಬರುವುದಿಲ್ಲ. ನಮಗೂ ವಯಸ್ಸಾಗುತ್ತಿದೆ. ನಿವೃತ್ತಿಯಾದ ಮೇಲೆ ಎಲ್ಲಿ ಎಂಬ ಪ್ರಶ್ನೆ ಗಂಡ ಹೆಂಡಿರ ನಡುವೆ ಆಗಾಗ ಬರುತ್ತದೆ, ತೀರ್ಮಾನವಾಗದೆ ಹೋಗುತ್ತದೆ. ಮೊದಲಾಗಿದ್ದರೆ ಆ ಮಾತು ಬಂದಾಗ ನಾನು ಎದ್ದು ಹೋಗಿ ಬೇರೆ ಕೆಲಸ ಹಿಡಿಯುತ್ತಿದ್ದೆ. ಈಗ ಕೂತು ಕೇಳುತ್ತೇನೆ.

ಮೊನ್ನೆ ನನಗೆ ಜೋರು ಜ್ವರ. ಗಂಡ ಡಲ್ಲಾಸ್‌ಗೆ ಹೋಗಿದ್ದ. ಮಧ್ಯಾಹ್ನ ಏನೋ ಮಾಡಲೆಂದು ಎದ್ದು ಅಡುಗೆಮನೆಯ ಬಾಗಿಲವರೆಗೆ ಬಂದೆ. ಮಗಳು ಗಂಜಿಯ ಪಾತ್ರೆಯ ಮುಂದೆ ನಿಂತಿದ್ದಳು. ಸೌಟು ಹಿಡಿದುಕೊಂಡೇ ತಿರುಗಿ ನೋಡಿದಳು.

"ಯಾಕ ಎದ್ದಿ? ಸುಮ್ಮ ಹೋಗಿ ಮಕ್ಕೋ" ಎಂದಳು. "ನಾ ಅದೀನಲ್ಲ."

ಮೈಸೂರಿನವಳಾದ ನಾನು ಅವಳಿಗೆ ಹಾಗನ್ನಲು ಕಲಿಸಿರಲಿಲ್ಲ. ಹೋಗಿ ಮಲಗಿದೆ.