ಗಾಜಿನ ಇನ್ನೊಂದು ಅಂಚು

ಹಳೆಯ ನೆಗೆಟಿವ್‌ಗಳಿಂದ ಗೋಡೆಯೆತ್ತರದ ಕಪ್ಪು-ಬಿಳುಪು ಚಿತ್ರಗಳನ್ನು ಹೊರತರುವ ಕಸುಬಿನಲ್ಲಿ ನಮ್ಮ ಛಾಯಾಚಿತ್ರ ಸಂಗ್ರಹಾಲಯಕ್ಕೆ ಇಂದು ಹೆಸರೊಂದಿದ್ದರೆ, ಅದು ಸ್ಕ್ಯಾನಿಂಗ್ ಕೋಣೆಯ ಮುಖ್ಯಸ್ಥರಾಗಿ ಈ ತಿಂಗಳು ನಿವೃತ್ತರಾಗುತ್ತಿರುವ ನಮ್ಮ ಧೂಳಕ್ಕನವರಿಂದ ಬಂದದ್ದು. ಈ ಅಡ್ಡಹೆಸರನ್ನು ಅಭಿನಂದನ ಗ್ರಂಥದಲ್ಲಿ ಅಚ್ಚು ಹಾಕಿಸುವುದೇ ಎಂದು ಸಂಪಾದಕರು ಅನುಮಾನಿಸಿದರು. ಧೂಳಕ್ಕನವರನ್ನೇ ಕೇಳಿದೆ, ನಕ್ಕು ಒಪ್ಪಿದರು. ಒಂದೆಳೆ ನೂಲು ಹಾರಿ ಬಂದರೂ ಕೆಲಸ ನಿಲ್ಲಿಸಿ ಕಿಟಕಿ ಮುಚ್ಚಿಸುವವರಿಗೆ ಬೇರೆ ಹೆಸರು ಒಪ್ಪುವುದೂ ಇಲ್ಲ.

ನಾನು ಪಕ್ಕದ ಕೋಣೆಯಲ್ಲಿ ಇಂಕ್‌ಜೆಟ್ ಯಂತ್ರ ನೋಡಿಕೊಳ್ಳುವವನು, ಹುಟ್ಟು ಪುಕ್ಕಲ. ಸೇರಿದ ಹೊಸತರಲ್ಲಿ ಶಾಯಿ ಕೈಕೊಟ್ಟು, ಪ್ರದರ್ಶನದ ಚಿತ್ರಗಳೆಲ್ಲ ಪಾಚಿ ಕಟ್ಟಿದಂತೆ ಹಸಿರಾಗಿ ಹೊರಬಂದಾಗ, ನಿರ್ದೇಶಕರ ಕೋಣೆಗೆ ನನ್ನ ಜೊತೆಗೇ ನಡೆದು ಬೈಗುಳದ ಅರ್ಧ ಪಾಲನ್ನು ತಾವೇ ಉಂಡವರು ಅವರು. ಹೊರಗೆ ಬಂದ ಮೇಲೆ ತಮಗೂ ಒಳಗೊಳಗೇ ಹೆದರಿಕೆಯಾಗಿತ್ತು ಎಂದರು. ಸಮಾಧಾನಕ್ಕೆ ಹೇಳುತ್ತಿದ್ದಾರೆ ಎಂದುಕೊಂಡೆ.

ಅದು ನಿಜವೆಂದು ತಿಳಿದದ್ದು ಸೇತುವೆಯ ನೆಗೆಟಿವ್ ಬಂದಾಗ. ಕಟ್ಟುತ್ತಿರುವಾಗಲೇ ಕುಸಿದ ಸೇತುವೆ ಅದು; ಕುಸಿತದ ಹಿಂದಿನ ದಿನ ಕೆಲಸಗಾರರೆಲ್ಲ ಸಾಲಾಗಿ ನಿಂತು ತೆಗೆಸಿಕೊಂಡಿದ್ದ ಚಿತ್ರ. ನಗರಸಭೆ ಅದನ್ನು ಸ್ಮಾರಕದ ಗೋಡೆಗೆ ಆಳೆತ್ತರ ಮಾಡಿಸಬೇಕೆಂದಿತ್ತು. ಅಂಗೈಯಗಲದ ಆ ಫಿಲ್ಮ್ ಒಣಗಿದ ಎಲೆಯಂತೆ ಮುರುಟಿತ್ತು. ಡಬ್ಬಿ ತೆರೆದರೆ ಮೂಗಿಗೆ ಹುಳಿ ನಾತ ಹೊಡೆಯಿತು. ಫಿಲ್ಮ್ ಸಾಯುವ ವಾಸನೆ ಅದು.

ಸುದ್ದಿ ತಿಳಿದು, ಆ ಕುಸಿತದಲ್ಲಿ ಮಗನನ್ನು ಕಳೆದುಕೊಂಡ ಒಬ್ಬ ತಾಯಿ ಬಂದರು. ಮಗನ ಬೇರೆ ಚಿತ್ರ ಅವರಲ್ಲಿ ಒಂದೂ ಇರಲಿಲ್ಲ. ಅವನು ಹಿಂದಿನ ಸಾಲಿನ ತುದಿಯಲ್ಲಿ ನಿಂತಿದ್ದನಂತೆ. ಎಡಹುಬ್ಬಿನಲ್ಲಿ ಹುಟ್ಟಿನಿಂದಲೇ ಬಿಳಿ ಕೂದಲಿನ ಒಂದು ಚಿಕ್ಕ ಗೊಂಚಲಂತೆ. ಮುಖ ತಮಗೆ ಮರೆಯುತ್ತಾ ಬಂದಿದೆ ಎಂದು ಅವರು ತಪ್ಪು ಮಾಡಿದವರ ಹಾಗೆ ತಲೆ ತಗ್ಗಿಸಿ ಹೇಳಿದರು.

ಚಿತ್ರ ಎಷ್ಟು ದೊಡ್ಡದಾಗಬೇಕೋ ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿ, ಸ್ಕ್ಯಾನರ್ ಎಷ್ಟು ಸೂಕ್ಷ್ಮವಾಗಿ ಓದಬೇಕೆಂದು ನಿರ್ಧರಿಸುವುದು ಧೂಳಕ್ಕನವರ ಪದ್ಧತಿ. ಫಿಲ್ಮಿನಲ್ಲಿ ಚಿತ್ರವನ್ನು ಮೂಡಿಸುವ ಬೆಳ್ಳಿಯ ಸಣ್ಣ ಕಾಳುಗಳು ಪರದೆಯ ಮೇಲೆ ಬಿಡಿಬಿಡಿಯಾಗಿ ಕಾಣುವವರೆಗೆ ಅವರು ಆಯಿತು ಎಂದವರಲ್ಲ. ಮೊದಲ ಸ್ಕ್ಯಾನಿನಲ್ಲಿ ನಡುವಿನ ಮುಖಗಳು ಸ್ಪಷ್ಟವಾಗಿದ್ದವು; ಅಂಚು ಮುರುಟಿದ್ದರಿಂದ ತುದಿಯವರೆಲ್ಲ ಕಲಸಿದ ಹಿಟ್ಟಾಗಿದ್ದರು. ಮುಖಗಳ ಮೇಲೆಲ್ಲ ಬಿಳಿ ಚುಕ್ಕೆ. ಧೂಳು ಯಾವುದು, ಹುಬ್ಬಿನ ಬಿಳಿ ಗೊಂಚಲು ಯಾವುದು, ಹೇಳುವಂತಿರಲಿಲ್ಲ.

ಇಷ್ಟೇ ಸಾಕು, ಯಂತ್ರವೇ ಚುಕ್ಕೆಗಳನ್ನು ಒರೆಸಿಬಿಡಲಿ ಎಂದರು ನಿರ್ದೇಶಕರು. ಕಪ್ಪು-ಬಿಳುಪು ಫಿಲ್ಮಿನಲ್ಲಿ ಆ ಸೌಲಭ್ಯ ಬೆಳ್ಳಿಯನ್ನೇ ಧೂಳೆಂದು ತಿಳಿದು ಒರೆಸುತ್ತದೆ ಎಂಬುದು ನಮಗಿಬ್ಬರಿಗೂ ಗೊತ್ತಿತ್ತು. ಉಳಿದದ್ದು ಒಂದೇ ದಾರಿ: ಎರಡು ಗಾಜುಗಳ ನಡುವೆ ಫಿಲ್ಮನ್ನು ಒತ್ತಿ ಮಟ್ಟ ಮಾಡುವುದು. ಒಣಗಿದ ಫಿಲ್ಮ್ ಮುಖದ ಮೇಲೇ ಸೀಳಿದರೆ ಆ ತಾಯಿಗೆ ಆ ಮಸುಕು ಚುಕ್ಕೆಯಷ್ಟೇ ಗತಿ.

ಮೇಲಿನ ಗಾಜನ್ನು ಇಳಿಸುತ್ತಿದ್ದವರು ಅರ್ಧಕ್ಕೇ ನಿಲ್ಲಿಸಿ ನನ್ನತ್ತ ತಿರುಗಿದರು.

“ನಂಗೂ ಭಯ ಆಗ್ತಿದೆ ಕಣಪ್ಪಾ,” ಎಂದರು. “ನೀನು ಆ ಕಡೆ ಹಿಡ್ಕೋ.”

ಹಿಡಿದೆ. ಚಟ್ ಎಂದಿತು. ಇಬ್ಬರೂ ಕಣ್ಣು ಮುಚ್ಚಿದೆವು. ತೆರೆದಾಗ ಫಿಲ್ಮಿನ ಬಿರುಕು ಚಿತ್ರದ ಆಕಾಶದಿಂದ ಹೊರಟು ಸೇತುವೆಯ ಕಬ್ಬಿಣದ ತೊಲೆಯವರೆಗೆ ಬಂದು ನಿಂತಿತ್ತು. ಅದರ ಕೆಳಗೇ ಹಿಂದಿನ ಸಾಲು. ಸ್ಕ್ಯಾನರ್ ಓದಿ ಮುಗಿಸುವವರೆಗೆ ನಾವು ಗಟ್ಟಿಯಾಗಿ ಉಸಿರಾಡಲಿಲ್ಲ. ಆಮೇಲೆ ಧೂಳಕ್ಕನವರು ಒಂದೊಂದೇ ಚುಕ್ಕೆಯನ್ನು ಪರದೆಯಲ್ಲಿ ಹಿಗ್ಗಿಸಿ ನೋಡಿದರು. ಧೂಳಿನ ಚುಕ್ಕೆಯೊಳಗೆ ಕಾಳಿರುವುದಿಲ್ಲ. ತುದಿಯ ಹುಡುಗನ ಹುಬ್ಬಿನಲ್ಲಿ ಕಾಳಿತ್ತು, ಎಳೆ ಎಳೆಯಾಗಿ ಕೂದಲೂ ಇತ್ತು. ಫಿಲ್ಮ್ ಮಾತ್ರ ಗಾಜಿಗೇ ಕಚ್ಚಿಕೊಂಡು, ಮತ್ತೆ ಇಡಿಯಾಗಿ ಬಿಡಲೇ ಇಲ್ಲ.

ಅನಾವರಣದ ದಿನ ಧೂಳಕ್ಕನವರು ಸ್ಮಾರಕದ ಸಭಾಂಗಣದೊಳಗೆ ಬರಲಿಲ್ಲ. ಆ ತಾಯಿಗೆ ಗುರುತು ಸಿಗದೆ ಹೋದರೆ ಎಂಬ ಅಂಜಿಕೆಯಿಂದ ಹೊರಗಿನ ಮೊಗಸಾಲೆಯಲ್ಲೇ ನಿಂತಿದ್ದರು. ತಾಯಿ ಚಿತ್ರದ ಉದ್ದಕ್ಕೂ ನಡೆದು, ತುದಿಗೆ ಬಂದು, ಹುಬ್ಬಿನ ಹತ್ತಿರ ಬೆರಳು ಒಯ್ದು, ಮುಟ್ಟದೆ ನಿಲ್ಲಿಸಿದರು.

“ಇವ್ನೇ,” ಎಂದರು. “ನಾನು ಇವ್ನನ್ನ ಇನ್ನೂ ಚಿಕ್ಕೋನು ಅಂದ್ಕೊಂಡಿದ್ದೆ. ಮೀಸೆ ಬಂದಿತ್ತು ನೋಡಿ.”

ನಾನು ಹೊರಗೆ ಓಡಿ ಹೇಳಿದೆ. ಧೂಳಕ್ಕನವರು ಗೋಡೆಗೊರಗಿ ನೆಲದ ಮೇಲೇ ಕುಳಿತುಬಿಟ್ಟರು.

ಅವರು ನೂರು ವರ್ಷ ಬಾಳಲಿ, ಅವರ ಕಣ್ಣು ಮಂಜಾಗದಿರಲಿ, ಕಿಟಕಿ ಮುಚ್ಚಿಸುವ ಅಧಿಕಾರ ಕೊನೆಯವರೆಗೂ ಅವರದೇ ಆಗಿರಲಿ ಎಂದು ಮನಸಾರೆ ಹಾರೈಸುತ್ತೇನೆ. ನಾಳೆಯಿಂದ ಆ ಕೋಣೆ ನನ್ನದಂತೆ. ಕಪಾಟಿನಲ್ಲಿ ಇನ್ನೂ ಡಬ್ಬಿಗಳಿವೆ. ನಿನ್ನೆ ಒಂದನ್ನು ತೆರೆದೆ, ಅದೇ ಹುಳಿ ನಾತ. ಮುಚ್ಚಿಟ್ಟು ಬಂದಿದ್ದೇನೆ. ಅಕ್ಕಾ, ನಂಗೆ ಭಯ ಆಗ್ತಿದೆ. ಒಂದ್ಸಲ ಬಂದು ನೀವು ಆ ಕಡೆ ಹಿಡ್ಕೊಳ್ಳಿ.