ಬೂಟು ಬಿಚ್ಚಿಸಿದ ವೇದಿಕೆ

ನಮ್ಮ ಕುಂದಲಹಳ್ಳಿ ಬಡಾವಣೆಯ ರಾಜ್ಯೋತ್ಸವದ ಮಾತು ಯಾರಾದರೂ ಎತ್ತಿದರೆ ನನಗೆ ಈಗಲೂ ಮೈಯೆಲ್ಲ ಉರಿಯುತ್ತದೆ. ‘ಹೋಗ್ಲಿ ಬಿಡಿ ಮೇಡಂ’ ಅನ್ನುತ್ತಾರೆ. ಹೇಗೆ ಬಿಡಲಿ?

ನಾನು ಭರತನಾಟ್ಯ ಕಲಿಸುವವಳು. ನಮ್ಮ ಮೇಲಿನ ಮನೆಗೆ ಬಾಡಿಗೆಗೆ ಬಂದ ಅಮೆರಿಕದವಳು ಟ್ಯಾಪ್ ಡ್ಯಾನ್ಸ್ ಮಾಡುತ್ತಾಳೆ. ಅವಳ ಬೂಟಿನ ಅಡಿಗೆ ಲೋಹದ ತಗಡು ಇರುತ್ತದೆ, ಕುಣಿದರೆ ಕಾಲೇ ವಾದ್ಯ. ಮೊದಲ ದಿನ ಆ ಸದ್ದಿಗೆ ತಲೆಕೆಟ್ಟು, ಜಗಳ ಆಡಲೆಂದೇ ಮೆಟ್ಟಿಲು ಹತ್ತಿದ್ದೆ. ಬಾಗಿಲಲ್ಲಿ ನಿಂತು ಕೇಳಿದರೆ, ನಾನು ದಿನಾ ಮಕ್ಕಳಿಗೆ ಕೋಲು ತಟ್ಟಿ ಹೇಳಿಕೊಡುವ ತಕಿಟ ತಕಿಟವೇ ಅವಳ ಬೂಟಿನಲ್ಲಿತ್ತು! ಸೆರಗು ಸೊಂಟಕ್ಕೆ ಸಿಕ್ಕಿಸಿ ಅಲ್ಲೇ ಕಾಲಲ್ಲೇ ಉತ್ತರ ಕೊಟ್ಟೆ.

ಆಮೇಲೆ ಇಬ್ಬರೂ ಕೂಡಿ ಒಂದು ಸವಾಲ್-ಜವಾಬ್ ಕಟ್ಟಿದೆವು. ನನ್ನ ಗೆಜ್ಜೆ ಕೇಳಬೇಕು, ಅವಳ ಬೂಟು ಹೇಳಬೇಕು. ನನ್ನ ಮಂಡಿ ಸವೆದುಹೋಗಿದೆ, ವೇದಿಕೆಯಲ್ಲಿ ಕುಣಿಯುವುದು ಇದೇ ಕೊನೆ ಎಂದು ನನಗೆ ಗೊತ್ತಿತ್ತು. ಅವಳ ಬೂಟಿನ ತಗಡು ತೆಳುವಾದಾಗ ನನ್ನ ಗಂಡ ಪೀಣ್ಯದ ತಮ್ಮ ವರ್ಕ್‌ಶಾಪಿನಲ್ಲಿ ಹೊಸದು ಕತ್ತರಿಸಿ, ಎರಡೂ ಕಾಲಿನ ಸದ್ದು ಒಂದೇ ಬರುವ ತನಕ ಉಜ್ಜಿ ತಂದರು. ‘ಮೈಕಲ್ಲಿ ಕೇಳ್ಬೇಕು ಕಣೇ ಇದು’ ಎಂದು ಅವರೇ ನಮಗಿಂತ ಹೆಚ್ಚು ಕುಣಿದಾಡಿದರು.

ರಾಜ್ಯೋತ್ಸವ ಬಂತು. ನಾನಾ ದೇಶದ ಹೆಜ್ಜೆಗಳು ಒಂದೇ ವೇದಿಕೆಯಲ್ಲಿ ಎಂದು ದೊಡ್ಡ ಬ್ಯಾನರ್ ಕಟ್ಟಿದ್ದರು. ಕಾಲಿನ ಸದ್ದು ಹಿಡಿಯಲೆಂದೇ ಹಲಗೆಗೆ ಒತ್ತಿ ಮೈಕು ಇಡಿಸಿದ್ದೆ. ಮೊದಲು ಕಂಸಾಳೆಯವರು ಬಂದು ಕುಣಿದರು. ನಮ್ಮ ಸರದಿ ಬಂದಾಗ ಬಡಾವಣೆಯ ಸಂಘದ ಅಧ್ಯಕ್ಷರು ಅಡ್ಡ ನಿಂತರು. ಬಡಾವಣೆ ಏಳುವ ಮೊದಲು ಇಲ್ಲಿ ರಾಗಿ ಬೆಳೆಯುತ್ತಿದ್ದ ಮನೆತನ ಅವರದು. ಈಗ ಅರ್ಧ ಬೀದಿಯ ಬಾಡಿಗೆ ಮನೆಗಳೆಲ್ಲ ಅವರವೇ, ನಮ್ಮದೂ ಸೇರಿ.

‘ತಾಯಿ ಭುವನೇಶ್ವರಿ ಫೋಟೋ ಐತೆ ಮೇಡಂ. ಬೂಟು ಆಕ್ಕೊಂಡು ಸ್ಟೇಜ್ ಅತ್ತಾದಾ?’

‘ಅದು ಬೀದೀಲಿ ಹಾಕೋ ಬೂಟಲ್ಲ ಸಾರ್, ವಾದ್ಯ. ನಾನು ಗೆಜ್ಜೆ ಕಟ್ಟೋದೂ ಕಾಲಿಗೇ ಅಲ್ವಾ?’

‘ಗೆಜ್ಜೆ ಬೇರೆ, ಬೂಟು ಬೇರೆ.’

‘ಹಂಗಾದ್ರೆ ಫೋಟೋನೇ ಸ್ವಲ್ಪ ಹೊತ್ತು ಕೆಳಗಿಡೋಣ.’

‘ತಾಯೀನ ಕೆಳಗಿಳಿಸಾದಾ? ಏನ್ ಮಾತು ಅಂತ ಆಡ್ತೀರಿ! ಬರಿಗಾಲಲ್ಲಿ ಕುಣೀಲಿ ಬಿಡಿ. ಕುಣಿತ ಕುಣಿತಾನೇ ಅಲ್ವಾ?’

ಅಯ್ಯೋ ದೇವರೇ! ಕೊಳಲು ಊದುವವನ ಕೈಯಿಂದ ಕೊಳಲು ಕಿತ್ತುಕೊಂಡು ‘ಬರೀ ಊದಪ್ಪ’ ಎಂದ ಹಾಗೆ. ಗೋಡೆಗೆ ಹೇಳಿದರೂ ಅರ್ಥವಾಗುತ್ತಿತ್ತು. ನಾನು ಇನ್ನೂ ಕೂಗಾಡುತ್ತಿದ್ದೆ, ಅವಳು ನನ್ನ ಕೈ ಹಿಡಿದು ‘ಅಡ್ಜಸ್ಟ್ ಮಾಡ್ತೀನಿ ಅಕ್ಕ’ ಎಂದಳು. ಬೆಂಗಳೂರಿಗೆ ಬಂದು ಅವಳು ಕಲಿತ ಮೊದಲ ಮಾತು ಅದೇ. ಬೂಟು ಬಿಚ್ಚಿ ನನ್ನ ಗಂಡನ ಮಡಿಲಲ್ಲಿಟ್ಟು ಬಂದಳು.

ತುಳಿಯುವ ಮೊದಲು ಭೂಮಿ ಮುಟ್ಟಿ ಕ್ಷಮೆ ಕೇಳುವುದನ್ನು ಅವಳಿಗೆ ಕಲಿಸಿದ್ದೆ. ಅವಳು ನನಗಿಂತ ಭಕ್ತಿಯಿಂದ ಹಲಗೆ ಮುಟ್ಟಿ ಕಣ್ಣಿಗೊತ್ತಿಕೊಂಡಳು. ನಾನು ಕುಣಿದೆ, ಗೆಜ್ಜೆ ಮೈಕಿನಲ್ಲಿ ಝಲ್ಲೆಂದಿತು. ಅವಳು ಉತ್ತರ ಕೊಟ್ಟಳು. ಏನೂ ಕೇಳಿಸಲಿಲ್ಲ. ಒಂದೊಂದು ಪೆಟ್ಟೂ ಸರಿಯಾಗಿ ಬೀಳುತ್ತಿತ್ತು, ನನಗೆ ಕಾಣುತ್ತಿತ್ತು. ಜನಕ್ಕೆ ಮಾತ್ರ ನಾನೊಬ್ಬಳೇ ಮಾತಾಡಿ ನಾನೊಬ್ಬಳೇ ಗೆದ್ದಂತಿತ್ತು. ಮುಂದಿನ ಸಾಲಿನಲ್ಲಿ ನನ್ನ ಗಂಡ ಬೂಟಿನ ತಗಡನ್ನು ಹೆಬ್ಬೆರಳಿನಿಂದ ಸವರುತ್ತ ತಲೆ ತಗ್ಗಿಸಿ ಕೂತಿದ್ದರು. ಜನ ಚಪ್ಪಾಳೆ ತಟ್ಟಿದಾಗ ನನಗೆ ಅಳು ಬಂತು.

ಅದಾದ ಮೇಲೆ ಸನ್ಮಾನ. ಶಾಲು ಹಿಡಿದು ಅಧ್ಯಕ್ಷರು ಮೆಟ್ಟಿಲು ಹತ್ತಿದರು. ಹೊಸ ಕರಿ ಬೂಟು, ಫಳಫಳ ಪಾಲಿಶು. ಕಾಲಿನ ಮೈಕನ್ನು ಯಾರೂ ಆರಿಸಿರಲಿಲ್ಲ. ಟಕ್, ಟಕ್, ಟಕ್ ಎಂದು ಬಡಾವಣೆಗೆಲ್ಲ ಕೇಳಿಸುವಂತೆ, ಭುವನೇಶ್ವರಿಯ ಫೋಟೋ ದಾಟಿ ನಮ್ಮ ಹತ್ತಿರ ಬಂದರು. ಅವಳು ಆ ಬೂಟು ನೋಡಿದಳು, ತನ್ನ ಬರಿಗಾಲು ನೋಡಿಕೊಂಡಳು.

‘ಬಗ್ಗಿ ಮೇಡಂ,’ ಎಂದು ಅವರು ಶಾಲು ಬಿಚ್ಚಿದರು. ನಾನು ಶಾಲಿಗೆ ಬಗ್ಗದೆ, ಅವಳ ಬರಿಗಾಲಿನ ಪಕ್ಕ ಹಲಗೆಯ ಮೇಲೆ ಕುಕ್ಕರಿಸಿ ಗೆಜ್ಜೆ ಬಿಚ್ಚತೊಡಗಿದೆ.